ಬಸ್‌ಸ್ಟ್ಯಾಂಡ್ ಇಲ್ಲದ ಹಳೇಬೀಡು

ಶನಿವಾರ ರಾತ್ರಿ ಹನ್ನೊಂದರ ಹೊತ್ತಿಗೆ ಬಾಶೆಟ್ಟಿಹಳ್ಳಿಯ ನಮ್ಮ ಮನೆಯ ಟೀವಿಯಲ್ಲಿ ಹಳೇಬೀಡು ಕಾಣಿಸಿತು. ಸುತ್ತ ದಟ್ಟ ಕಾಡು, ಧುಮ್ಮಿಕ್ಕುವ ನೀರು, ಗುಡ್ಡವನ್ನೇ ಕಡೆದಂತಿರುವ ವಿಗ್ರಹಗಳು. ಮೇಲಿನ ರೂಮಿನಲ್ಲಿ ಬಾಡಿಗೆಗಿರುವ ಹುಡುಗ ಸೆಕೆಂಡ್ ಶಿಫ್ಟ್ ಮುಗಿಸಿ ಮೆಟ್ಟಿಲು ಹತ್ತುವವನು, ತೆರೆದ ಬಾಗಿಲಲ್ಲಿ ಬೆಳಕು ಕಂಡು ಹಾಗೇ ನಿಂತ. ಊಟದ ಡಬ್ಬಿ ಇನ್ನೂ ಕೈಯಲ್ಲೇ ಇತ್ತು. ಅವನದು ಹಳೇಬೀಡಿನ ಪಕ್ಕದ ಹಳ್ಳಿ. ‘ಇದು ಯಾವ ಊರು ಹೇಳು ನೋಡೋಣ’ ಅಂದೆ. ಗೊತ್ತಾಗಲಿಲ್ಲ. ನಾನೇ ಹೇಳಿದೆ. ಎರಡು ನಿಮಿಷ ಕಣ್ಣು ಕಿರಿದು ಮಾಡಿಕೊಂಡು ನೋಡಿ ಅಂದ: ‘ಇದ್ಯಾವ ಹಳೇಬೀಡು ಸಾರ್? ಬಸ್‌ಸ್ಟ್ಯಾಂಡೇ ಇಲ್ವಲ್ಲ!’

ಆಟದ ಹೆಸರು ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’. ಕ್ಯಾಲಿಫೋರ್ನಿಯಾದ ನಾಟಿ ಡಾಗ್ ಸ್ಟುಡಿಯೊ 2017ರ ಆಗಸ್ಟಿನಲ್ಲಿ ಪ್ಲೇಸ್ಟೇಷನ್ 4ಕ್ಕೆ ತಂದದ್ದು. 2022ರಲ್ಲಿ ಕಂಪ್ಯೂಟರಿಗೂ ಬಂತು. 2007ರಿಂದ ನಡೆದುಬಂದ ಈ ಸರಣಿಯಲ್ಲಿ ಅದುವರೆಗೆ ನೇಥನ್ ಡ್ರೇಕ್ ಎಂಬ ಗಂಡಸೇ ಬಂಡೆ ಹತ್ತುತ್ತಿದ್ದ. ಇದರಲ್ಲಿ ಇಬ್ಬರು ಹೆಂಗಸರು. ಭಾರತೀಯ ತಂದೆಯ ಮಗಳು ಕ್ಲೋಯಿ ಫ್ರೇಜರ್, ದಕ್ಷಿಣ ಆಫ್ರಿಕಾದ ಮಾಜಿ ಬಾಡಿಗೆ ಸೈನಿಕಳು ನಡೀನ್ ರಾಸ್. ಹುಡುಕುತ್ತಿರುವುದು ಗಣೇಶನ ಮುರಿದ ದಂತ. ಅದನ್ನು ಬಚ್ಚಿಟ್ಟವರು ಯಾರಪ್ಪಾ ಅಂದರೆ ನಮ್ಮ ಹೊಯ್ಸಳರು!

ಹೊಯ್ಸಳ ಅಂದರೆ ನಮ್ಮ ಕಡೆಯ ಮಕ್ಕಳಿಗೆ ಮೊದಲು ನೆನಪಾಗುವುದು ಬೆಂಗಳೂರಿನ ಪೊಲೀಸ್ ಗಸ್ತಿನ ಕಾರು. ಅಮೆರಿಕದವರಿಗಾದರೂ ಅರಸರು ನೆನಪಾದರಲ್ಲ ಎಂದು ನನಗೆ ಮೊದಮೊದಲು ಹಿಗ್ಗೇ ಆಯಿತು. ಮೂರನೇ ಸಲ ಆಡುವಾಗ ಆ ಹಿಗ್ಗು ಅರ್ಧಕ್ಕಿಳಿದಿದೆ.

ತಕರಾರು ಅಳತೆಯದು. ಆಟದ ಹೊಯ್ಸಳರು ಕಟ್ಟಿದ್ದೆಲ್ಲ ದೈತ್ಯಾಕಾರ. ಒಂದು ಒಗಟಿನಲ್ಲಿ ಕಲ್ಲಿನ ಆಳುಗಳು ಕೊಡಲಿ ಬೀಸುತ್ತವೆ, ನಾವು ಹಾಸುಗಲ್ಲಿನಿಂದ ಹಾಸುಗಲ್ಲಿಗೆ ನೆಗೆಯಬೇಕು. ಲೆಕ್ಕ ತಪ್ಪಿದರೆ ಕ್ಲೋಯಿ ಎರಡು ತುಂಡು. ಆಡಲು ಬಲು ಸೊಗಸು, ಇಲ್ಲವೆನ್ನುವುದಿಲ್ಲ. ಆದರೆ ಹಳೇಬೀಡಿನ ನಿಜವಾದ ಹೊಯ್ಸಳೇಶ್ವರ ಗುಡಿಯ ಮುಂದೆ ಕತ್ತೆತ್ತಿದವನಿಗಿಂತ ಕತ್ತು ಬಗ್ಗಿಸಿದವನಿಗೇ ಹೆಚ್ಚು ದಕ್ಕುತ್ತದೆ. ಜಗತಿಯ ಮೇಲೆ ಹತ್ತಿ, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಲ್ಲಬೇಕು. ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಬಳ್ಳಿ, ಕುದುರೆ ಸವಾರರು, ಮಹಾಭಾರತ ರಾಮಾಯಣದ ಕಥೆಗಳು, ಮಕರ, ಹಂಸ. ಒಂದು ಆನೆಯಂತೆ ಇನ್ನೊಂದಿಲ್ಲ. ಒಂದರ ಸೊಂಡಿಲು ಮುಂದಿನದರ ಬಾಲದ ಬಳಿ ಏನೋ ಕಿತಾಪತಿ ಮಾಡುತ್ತಿರುತ್ತದೆ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತ್ತಗಿದ್ದು ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ, ಅದಕ್ಕೇ ಒಡವೆಯ ಕುಸುರಿ ಅದರಲ್ಲಿ ಸಾಧ್ಯವಾಯಿತು. ಹನ್ನೆರಡನೇ ಶತಮಾನದ ಆ ಉಳಿಯ ಗುರುತು ಬೆರಳಿನ ಅಳತೆಯದು. ಆಟದ್ದು ಬುಲ್ಡೋಜರಿನ ಅಳತೆ.

ಇನ್ನೊಂದು ತಕರಾರು ಬಸ್‌ಸ್ಟ್ಯಾಂಡಿನದೇ. ಹುಡುಗ ತಮಾಷೆಗೆ ಅಂದದ್ದು ನನಗೆ ಆಮೇಲೆ ಕೊರೆಯತೊಡಗಿತು. ಆಟದಲ್ಲಿ ಹಳೇಬೀಡೂ ಬೇಲೂರೂ ಮನುಷ್ಯರೇ ಮರೆತ, ಕಾಡು ನುಂಗಿದ ರಾಜಧಾನಿಗಳು. ಅಲ್ಲಿರುವುದು ನಿಧಿ ಹುಡುಕುವವರು, ಅವರ ಮೇಲೆ ಗುಂಡು ಹಾರಿಸುವ ಅಸಾವ್ ಎಂಬ ಬಂಡುಕೋರನ ಪಡೆ, ಅಷ್ಟೇ. ಒಂದು ಹೊಲವಿಲ್ಲ, ಒಂದು ಹಟ್ಟಿಯಿಲ್ಲ. 1311ರಲ್ಲಿ ಮಲಿಕ್ ಕಾಫರ್ ದೋರಸಮುದ್ರದ ಮೇಲೆ ಬಿದ್ದದ್ದು ನಿಜ, ಊರು ಹಾಳಾಗಿ ‘ಹಳೇ ಬೀಡು’ ಅನ್ನಿಸಿಕೊಂಡದ್ದೂ ನಿಜ. ಆದರೆ ಕಳೆದುಹೋಗಲಿಲ್ಲ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವನಿಗೆ ಇವತ್ತಿಗೂ ಪೂಜೆ ನಡೆಯುತ್ತದೆ. ಹಳೇಬೀಡಿನ ದೇವಸ್ಥಾನದ ಬದಿಗೆ ಹೊಯ್ಸಳರ ಕಾಲದ ಕೆರೆ, ಊರಾಚೆ ಆಲೂಗಡ್ಡೆ ಹೊಲ. 2023ರಲ್ಲಿ ಸೋಮನಾಥಪುರದ ಜೊತೆಗೆ ಇವೆರಡೂ ಯುನೆಸ್ಕೊ ಪಟ್ಟಿಗೆ ಸೇರಿದವು. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ ದಾಟಿದರೆ ಸಿಗುವ ಊರನ್ನು ಹುಡುಕಲು ನಕ್ಷೆ ಯಾಕೆ ಬೇಕು?

ಇಷ್ಟು ಬೈದ ಮೇಲೂ ಮೂರು ಸಲ ಆಡಿದವನು ನಾನು. ಕಾರಣ ನಾಲ್ಕನೇ ಅಧ್ಯಾಯ, ಹೆಸರೇ ‘ಪಶ್ಚಿಮ ಘಟ್ಟ’. ಈ ಜಾತಿಯ ಕಥೆಯಾಟಗಳು ಸಾಮಾನ್ಯವಾಗಿ ರೈಲಿನ ಹಾಗೆ, ಹಳಿ ಬಿಟ್ಟು ಹೋಗುವಂತಿಲ್ಲ. ಇಲ್ಲಿ ಜೀಪು ಕೊಟ್ಟು ಬಿಟ್ಟುಬಿಡುತ್ತಾರೆ. ಕೊಡಲಿ, ಬಿಲ್ಲು, ತ್ರಿಶೂಲದ ಗುರುತಿನ ಮೂರು ಕೋಟೆಗಳಲ್ಲಿ ಯಾವುದಕ್ಕೆ ಮೊದಲು ಹೋದರೂ ಸರಿ. ಹೋದ ಕಡೆಯನ್ನೆಲ್ಲ ಕ್ಲೋಯಿ ತನ್ನ ಕಾಗದದ ನಕ್ಷೆಯ ಮೇಲೆ ಗೀಚಿಟ್ಟುಕೊಳ್ಳುತ್ತಾಳೆ. ಕೆಸರಿನ ಏರಿನಲ್ಲಿ ಚಕ್ರ ಜಾರಿದರೆ ಇಳಿದು, ವಿಂಚಿನ ಹಗ್ಗವನ್ನು ಮರಕ್ಕೆ ಸುತ್ತಿ, ಜೀಪು ಮೇಲೆಳೆಯಬೇಕು. ಘಾಟಿ ಸುಬ್ರಹ್ಮಣ್ಯದ ರಸ್ತೆಯಲ್ಲಿ ಕೆಟ್ಟು ನಿಂತ ಟೆಂಪೊ ತಳ್ಳಿದವರಿಗೆ ಆ ಸುಖ ಏನೆಂದು ಬಿಡಿಸಿ ಹೇಳಬೇಕಿಲ್ಲ.

ದಾರಿಯುದ್ದಕ್ಕೂ ಇಬ್ಬರ ಮಾತು. ಶಿವ ಕೊಟ್ಟ ಕೊಡಲಿಯನ್ನು ಪರಶುರಾಮ ಎಸೆದಾಗ, ಅಪ್ಪನ ಆಯುಧ ಹುಸಿಹೋಗಬಾರದೆಂದು ಗಣೇಶ ದಂತವನ್ನೇ ಒಡ್ಡಿದ ಕಥೆಯನ್ನು ಕ್ಲೋಯಿ ನಡೀನಳಿಗೆ ಹೇಳುತ್ತಾಳೆ. ನಮ್ಮ ಮನೆಗಳಲ್ಲಿ ಚೌತಿಯ ದಿನ ಹೇಳುವುದು ಚಂದ್ರ ನಕ್ಕ ಕಥೆ. ಆದರೆ ಇಲ್ಲಿ ಪರಶುರಾಮನದೇ ಸರಿ: ಘಟ್ಟದ ಕೆಳಗಿನ ನೆಲ ಅವನ ಕೊಡಲಿಯದು, ಜೊತೆಗೆ ಕ್ಲೋಯಿಯ ಅಪ್ಪ ಇದೇ ದಂತದ ಬೆನ್ನುಬಿದ್ದು ಜೀವ ಕಳೆದುಕೊಂಡವನು. ಅಪ್ಪನಿಗಾಗಿ ದಂತ ಕೊಟ್ಟ ಮಗ, ಅಪ್ಪನಿಗಾಗಿ ದಂತ ಹುಡುಕುವ ಮಗಳು. ಬರೆದವರು ಇದನ್ನು ಎಲ್ಲಿಯೂ ಒತ್ತಿ ಹೇಳದೆ ಬಿಟ್ಟಿದ್ದಾರೆ, ಅದಕ್ಕೆ ಪೂರ್ತಿ ಅಂಕ. ಮುಂದೊಂದು ಕಡೆ ಕಲ್ಲಿನ ತುಂಡುಗಳನ್ನು ತಿರುಗಿಸಿ, ಬೆಳಕಿಗೆ ಹಿಡಿದು, ಗೋಡೆಯ ಮೇಲೆ ಸರಿಯಾದ ನೆರಳು ಮೂಡಿಸುವ ಒಗಟು ಬರುತ್ತದೆ. ತೊಗಲುಗೊಂಬೆಯಾಟದ ಪರದೆಯ ಹಿಂದೆ ಕೂತ ಹಾಗಾಯಿತು ನನಗೆ.

ಆ ಒಗಟಿನ ನಡುವೆಯೇ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ತಿಂಗಳಾಗಿದೆ. ಕತ್ತಲಲ್ಲಿ ಕೂತು ಹುಡುಗ ಕೇಳಿದ: ‘ನಿಮ್ಮ ಕಡೇನೂ ನಿಧಿ ಇದೆಯಾ ಸಾರ್?’

ಇದೆ, ಕಾಗದದಲ್ಲಿದೆ. ತಾತನ ಕಾಲದ ಕ್ರಯಪತ್ರ ಇನ್ನೂ ಬೀರುವಿನಲ್ಲಿದೆ. ರಾಗಿ ಬೆಳೆಯುತ್ತಿದ್ದ ಆ ಜಮೀನಿನ ಮೇಲೆ ಈಗ ತಗಡಿನ ಶೆಡ್ಡುಗಳು. ಅದನ್ನು ಮಾರುವಾಗ ನೆಲದ ಜೊತೆಗೆ ‘ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ’ ಎಂಬ ಅಷ್ಟಭೋಗವನ್ನೂ ಬರೆದುಕೊಟ್ಟಿದ್ದೇವೆ. ತಾಮ್ರಶಾಸನಗಳಿಂದ ಸಬ್‌ರಿಜಿಸ್ಟ್ರಾರ್ ಕಚೇರಿಯವರೆಗೆ ನಡೆದುಬಂದ ಮಾತು. ಎಂಟರಲ್ಲಿ ಮೊದಲಿನದೇ ನಿಧಿ! ಕೊಂಡವರು ಅಗೆದಾಗ ಸಿಕ್ಕಿದ್ದು ಮಾತ್ರ ಪಾಷಾಣ.

ಹಾಗೆಂದು ಬರೆದುಕೊಟ್ಟರೂ ನಿಧಿಯನ್ನು ಸದ್ದಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕಿದರೆ ಕಲೆಕ್ಟರಿಗೆ ತಿಳಿಸಬೇಕೆಂದು ಬ್ರಿಟಿಷರು 1878ರಲ್ಲೇ ಕಾಯ್ದೆ ಮಾಡಿಟ್ಟಿದ್ದರು. ಅದನ್ನು ಲೆಕ್ಕಿಸದವರು ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು ಕುಂಕುಮ ಹಿಡಿದು ಹಾಳುಗುಡಿಗೆ ನುಗ್ಗಿ, ಲಿಂಗ ಕಿತ್ತು, ನಂದಿಯ ಬೆನ್ನು ಸೀಳಿ ಹೋಗುತ್ತಾರೆ. ಪತ್ರಿಕೆಯ ಭಾಷೆಯಲ್ಲಿ ನಿಧಿಗಳ್ಳರು. ಆಟದಲ್ಲೂ ಮುಟ್ಟಿದ ಕಂಬ ಮುರಿಯುತ್ತದೆ, ಕಾಲಿಟ್ಟ ಮಂಟಪ ಕುಸಿಯುತ್ತದೆ; ಅಲ್ಲಿ ಅದಕ್ಕೆ ಸಾಹಸವೆಂದು ಹೆಸರು. ಈ ಒಂದು ವಿಷಯದಲ್ಲಿ ನನ್ನ ಪ್ರೀತಿಯ ಸರಣಿಯ ಪರವಾಗಿ ವಾದಿಸಲು ನನಗೆ ಬಾಯಿಲ್ಲ.

‘ಕೊನೆಗೆ ದಂತ ಯಾರಿಗೆ ಸಿಗುತ್ತೆ?’ ಅಂದ ಹುಡುಗ. ಆಡಬೇಕೆಂದಿರುವ ಓದುಗರು ಮುಂದಿನ ಎರಡು ವಾಕ್ಯ ಬಿಟ್ಟು ಓದಿ. ಅವರಿಬ್ಬರೂ ಮಾರಿಕೊಳ್ಳುವುದಿಲ್ಲ. ಸಂಸ್ಕೃತಿ ಸಚಿವಾಲಯಕ್ಕೆ ಒಪ್ಪಿಸುತ್ತೇವೆ ಅನ್ನುತ್ತಾರೆ, ಪಿಜ್ಜಾ ತಿನ್ನುತ್ತಾ. ‘ಹತ್ತು ರೂಪಾಯಿ ಕಾಯ್ದೆ!’ ಎಂದು ಅವನು ಕತ್ತಲಲ್ಲೇ ನಕ್ಕ.

ಕರೆಂಟು ಬಂದ ಮೇಲೆ ಕಂಟ್ರೋಲರ್ ಅವನ ಕೈಗೆ ಕೊಟ್ಟೆ. ಅವನು ಆರಿಸಿಕೊಂಡದ್ದು ನಾಲ್ಕನೇ ಅಧ್ಯಾಯವನ್ನೇ. ಅದರಲ್ಲಿ ಹನ್ನೊಂದು ಹೊಯ್ಸಳ ಬಿಲ್ಲೆಗಳನ್ನು ಚದುರಿಸಿಟ್ಟಿದ್ದಾರೆ. ಎಲ್ಲ ಕೂಡಿಸಿದರೆ ರಾಣಿಯ ಮಾಣಿಕ್ಯ ಸಿಗುತ್ತದೆ, ಆಮೇಲೆ ನಿಧಿ ಹತ್ತಿರ ಬಂದಾಗಲೆಲ್ಲ ಕ್ಲೋಯಿಯ ಕೈಬಳೆ ಕಿಣಿಗುಟ್ಟುತ್ತದೆ. ನಾನು ಮಲಗಿದಾಗ ಎರಡು ಗಂಟೆ, ಅವನ ಹತ್ತಿರ ಏಳು ಬಿಲ್ಲೆ ಇದ್ದವು. ಸೋಮವಾರದಿಂದ ಅವನಿಗೆ ಫಸ್ಟ್ ಶಿಫ್ಟ್. ಬೆಳಗ್ಗೆ ಐದೂವರೆಗೆ ಕಂಪನಿ ಬಸ್ಸಿಗೆ ಓಡುವವನು ಕಿಟಕಿಯ ಬಳಿ ನಿಂತು ಕೂಗಿ ಹೋದ: ‘ಹತ್ತಾಯ್ತು ಸಾರ್. ಇನ್ನೊಂದೆಲ್ಲಿದೆ ಅಂತ ಹೇಳಬೇಡಿ!’