ಮುಪ್ಪಿನ ನೋಟ್‌ಬುಕ್ಕಿನಲ್ಲಿ ಪತಂಜಲಿ

ಆಸನ, ಪ್ರಾಣಾಯಾಮ ಮುಗಿದ ಮೇಲೆ ಹಿರಿಯರ ಕೈಗೊಂದು ನೋಟ್‌ಬುಕ್ ಕೊಟ್ಟು, ಯೋಗಸೂತ್ರದ ಒಂದು ವಿಚಾರ ಹೇಳಿ, ಹತ್ತು ನಿಮಿಷ ಬರೆಸುವ ಪದ್ಧತಿ ಈಗ ಯೋಗ ಕಲಿಸುವವರಲ್ಲಿ ಬೆಳೆಯುತ್ತಿದೆ. ಸವೆದ ಮಂಡಿ, ಮಕ್ಕಳಿಲ್ಲದೆ ಬಿಕೋ ಎನ್ನುವ ಮನೆ, ಅಗಲಿದ ಸಂಗಾತಿ, ಇವನ್ನೆಲ್ಲ ಮನಸ್ಸು ಒಪ್ಪಿಕೊಳ್ಳಲು ಯೋಗದರ್ಶನವೂ ಬರವಣಿಗೆಯೂ ಕೂಡಿ ನೆರವಾಗುತ್ತವೆ ಎಂಬ ನಂಬಿಕೆ ಇದರ ಹಿಂದಿದೆ. ನಂಬಿಕೆಯಲ್ಲಿ ಹುರುಳಿದೆ. ನನ್ನ ತಕರಾರು ಅದನ್ನು ನಡೆಸುವ ಕ್ರಮದ ಮೇಲೆ. ಎಷ್ಟೋ ಕಡೆ ಪಾಠ ಶುರುವಾಗುವುದೇ ಸಂತೋಷದಿಂದ: ಇವತ್ತು ನಿಮಗೆ ಕೃತಜ್ಞತೆ ಮೂಡಿಸಿದ ಮೂರು ಸಂಗತಿ ಬರೆಯಿರಿ, ಎಂದು. ದಾರಿ ತಪ್ಪುವುದು ಅಲ್ಲೇ.

ಗಂಡ ತೀರಿಕೊಂಡು ಇನ್ನೂ ವರ್ಷ ತುಂಬದ ಅಜ್ಜಿಗೆ ಈ ಪ್ರಶ್ನೆ ಕೊಟ್ಟರೆ ಆಕೆ ಏನು ಬರೆದಾರು? ಮೊಮ್ಮಗ ಫೋನ್ ಮಾಡಿದ, ಮಳೆ ಬಂತು, ಸಾರು ಚೆನ್ನಾಗಿತ್ತು. ಒಂದೂ ಸುಳ್ಳಲ್ಲ. ಆದರೆ ಎದೆಯಲ್ಲಿ ಕೂತಿರುವ ಒಂದು ಮಾತೂ ಪುಟಕ್ಕೆ ಇಳಿಯಲಿಲ್ಲ. ಹೇಳಬೇಕಾದ್ದನ್ನು ನುಂಗಿಕೊಳ್ಳುವುದನ್ನೇ ಜೀವಮಾನವಿಡೀ ಮಾಡಿದವಳಿಗೆ ನುಂಗಿಕೊಳ್ಳಲು ಇನ್ನೊಂದು ಜಾಗ ಸಿಕ್ಕಿತು, ಅಷ್ಟೆ. ಕೃತಜ್ಞತೆಯ ಪಟ್ಟಿ ಬರೆಸುವ ಪ್ರಯೋಗವನ್ನು ಅಮೆರಿಕದ ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲೋ 2003ರಲ್ಲಿ ಪ್ರಕಟಿಸಿದರು. ಅದರಲ್ಲಿ ಬರೆದವರು ಹೆಚ್ಚಾಗಿ ಕಾಲೇಜು ವಿದ್ಯಾರ್ಥಿಗಳು. ಒಂದು ಭಾಗದಲ್ಲಿ ಮಾತ್ರ ನರಸ್ನಾಯುಗಳ ಕಾಯಿಲೆ ಇದ್ದವರಿದ್ದರು. ಅವರಿಗೆ ಉಪಯೋಗವಾಯಿತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಹೊಸ ಸಾವಿನ ಮನೆಗೆ ಅದನ್ನು ಹಾಗೇ ಎತ್ತಿ ತರುವುದು ಮಾತ್ರ ಸರಿಯಲ್ಲ.

ಯೋಗಸೂತ್ರ ಬರೆದ ಪತಂಜಲಿಯ ಕ್ರಮವೂ ಇದಲ್ಲ. ಆ ಗ್ರಂಥದ ಎರಡನೆಯ ಭಾಗವಾದ ಸಾಧನಪಾದ ತೆರೆದು ನೋಡಿ. ಮೊದಲ ಸೂತ್ರ ಕ್ರಿಯಾಯೋಗದ ಮೂರು ಅಂಗಗಳನ್ನು ಹೇಳುತ್ತದೆ: ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ. ಇವು ಸಮಾಧಿಗೆ ದಾರಿ ಮಾಡುತ್ತವೆ, ಕ್ಲೇಶಗಳನ್ನು, ಅಂದರೆ ನೋವಿನ ಬೇರುಗಳನ್ನು, ತೆಳುವಾಗಿಸುತ್ತವೆ ಎನ್ನುವುದು ಎರಡನೆಯದು. ಮೂರನೆಯದರಲ್ಲೇ ಐದು ಕ್ಲೇಶಗಳ ಹೆಸರು ಬರುತ್ತದೆ: ಅವಿದ್ಯೆ, ಅಸ್ಮಿತೆ, ರಾಗ, ದ್ವೇಷ, ಅಭಿನಿವೇಶ. ನಿಯಮಗಳ ಸಾಲಿನಲ್ಲಿ ಸಂತೋಷ ಕಾಣಿಸಿಕೊಳ್ಳುವುದು ಮೂವತ್ತೆರಡನೆಯ ಸೂತ್ರದಲ್ಲಿ. ಸೂತ್ರಕಾರ ಮೊದಲು ನೋವನ್ನು ಗುರುತಿಸುತ್ತಾನೆ, ಅದರ ಬೇರು ತೋರಿಸುತ್ತಾನೆ, ಆಮೇಲೆ ನಿಯಮಕ್ಕೆ ಬರುತ್ತಾನೆ. ಮುದುಕರ ನೋಟ್‌ಬುಕ್ಕಿಗೂ ಇದೇ ಕ್ರಮ ಹೊಂದುತ್ತದೆ ಎಂಬುದು ನನ್ನ ವಾದ.

ಅಸ್ಮಿತೆಯನ್ನೇ, ಅಂದರೆ ‘ನಾನು ಇದೇ’ ಎಂಬ ಅಂಟನ್ನೇ, ತೆಗೆದುಕೊಳ್ಳಿ. ಮೂವತ್ತು ವರ್ಷ ಹೆಡ್‌ಮಾಸ್ತರರಾಗಿದ್ದವರು ನಿವೃತ್ತರಾಗಿ ಎಷ್ಟು ಕಾಲವಾದರೂ ಮನೆಯವರನ್ನು ಸ್ಟಾಫ್ ಮೀಟಿಂಗಿನ ದನಿಯಲ್ಲೇ ಮಾತಾಡಿಸುತ್ತಾರೆ. ಸೊಂಟದಲ್ಲಿ ಬೀಗದ ಕೈ ಸಿಕ್ಕಿಸಿಕೊಂಡೇ ಸಂಸಾರ ನಡೆಸಿದ ಅತ್ತೆ, ಸೊಸೆ ಉಗ್ರಾಣದ ಡಬ್ಬಗಳನ್ನು ಬೇರೆ ಕಡೆ ಜೋಡಿಸಿದಳೆಂದು ಮೂರು ದಿನ ಮಾತು ಬಿಡುತ್ತಾರೆ. ಹೊರಗಿನವರಿಗೆ ಇದು ಹಟದಂತೆ ಕಾಣುತ್ತದೆ. ನಾನು ಎಂದರೆ ಆ ಕುರ್ಚಿ, ಆ ಬೀಗದ ಕೈ ಎಂದೇ ಬಾಳಿದವರಿಗೆ ಅವು ಹೋದ ಮೇಲೆ ಉಳಿದದ್ದು ಏನು ಎಂಬುದೇ ತಿಳಿಯುವುದಿಲ್ಲ. ಅವರಿಗೆ ಕೊಡಬೇಕಾದ ಪ್ರಶ್ನೆ ಇದು: ನಿಮ್ಮ ಕೈ ತಪ್ಪಿದ್ದು ಯಾವುದು? ಅದು ಇದ್ದಾಗ ನೀವು ಯಾರಾಗಿದ್ದಿರಿ? ಈ ಪ್ರಶ್ನೆಗೆ ಬರುವ ಉತ್ತರದಲ್ಲಿ ಸಿಟ್ಟು ಇರುತ್ತದೆ. ಇರಲಿ.

ಅಭಿನಿವೇಶದ ವಿಷಯದಲ್ಲಿ ಯೋಗಸೂತ್ರ ತೋರುವ ಕರುಣೆ ಬೇರೆಲ್ಲೂ ಸುಲಭವಾಗಿ ಸಿಗದು. ಬದುಕಿಗೆ ಅಂಟಿಕೊಳ್ಳುವ ಈ ಹಿಡಿತ, ಸಾವಿನ ಈ ಭಯ, ತನ್ನ ಸೆಳೆತದಲ್ಲೇ ಹರಿಯುತ್ತದೆ, ತಿಳಿದವರಲ್ಲೂ ಬೇರೂರಿರುತ್ತದೆ ಎಂದು ಅದು ಹೇಳುತ್ತದೆ. ಇಷ್ಟು ವರ್ಷ ಪೂಜೆ ಮಾಡಿ, ಪಾರಾಯಣ ಮಾಡಿಯೂ ಹೆದರಿಕೆ ಹೋಗಲಿಲ್ಲವಲ್ಲ ಎಂದು ಒಳಗೊಳಗೇ ನಾಚುವ ಹಿರಿಯರು ಬಹಳ. ರಾತ್ರಿ ಎರಡು ಗಂಟೆಗೆ ಎದೆ ಹೊಡೆದುಕೊಂಡು ಎಚ್ಚರವಾದದ್ದನ್ನು ಅವರು ಮಕ್ಕಳ ಹತ್ತಿರ ಹೇಳುವುದಿಲ್ಲ. ವಿದ್ವಾಂಸರನ್ನೂ ಬಿಡದ ಭಯ ಇದು ಎಂದು ಪತಂಜಲಿಯೇ ಹೇಳಿದ್ದು ಗೊತ್ತಾದರೆ ನಾಚಿಕೆ ಸಡಿಲವಾಗುತ್ತದೆ, ಪೆನ್ನು ಓಡುತ್ತದೆ.

ಬರೆಯುವುದರಿಂದ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ ಅವರ ಕೆಲಸ. 1986ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ತಮ್ಮ ಬದುಕಿನ ಆಘಾತದ ಘಟನೆಯನ್ನೂ ಅದರ ಭಾವನೆಯನ್ನೂ ಸೇರಿಸಿ ಬರೆದವರಿಗೆ ಬರೆದ ಕೂಡಲೇ ಮನಸ್ಸು ಇನ್ನಷ್ಟು ಕೆಟ್ಟಿತು. ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಇದನ್ನು ಪವಾಡ ಮಾಡಬಾರದು. ಇಂಥ 146 ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದ 2006ರ ವಿಶ್ಲೇಷಣೆಯಲ್ಲಿ ಕಂಡ ಪರಿಣಾಮ ಸಣ್ಣದು, ಆದರೆ ನಿಜವಾದದ್ದು. ನನಗೆ ಇನ್ನೂ ಮುಖ್ಯವೆನಿಸುವುದು ಪೆನ್ನಿಬೇಕರ್ ಆಮೇಲೆ ಗಮನಿಸಿದ ಸಂಗತಿ. ದಿನದಿಂದ ದಿನಕ್ಕೆ ಬರಹದಲ್ಲಿ ‘ಏಕೆಂದರೆ’, ‘ಈಗ ತಿಳಿಯಿತು’ ಎಂಬಂಥ ಮಾತು ಹೆಚ್ಚುತ್ತ ಹೋದವರಿಗೆ, ಒಂದು ದಿನ ‘ನಾನು’ ಎಂದು ಬರೆದು ಇನ್ನೊಂದು ದಿನ ‘ಅವರು’ ಎಂದು ಬರೆಯಬಲ್ಲವರಿಗೆ ಹೆಚ್ಚು ಉಪಯೋಗವಾಯಿತು. ನೋಡುವವನು ಬೇರೆ, ನೋಡಿದ್ದು ಬೇರೆ ಎಂಬ ವಿವೇಕವನ್ನೇ ಯೋಗದರ್ಶನ ಬಯಸುವುದು. ಆ ನೋಡುವವನ, ಯೋಗದರ್ಶನ ಹೇಳುವ ಪುರುಷನ, ಮುಕ್ತಿಯ ಮಾತು ಪೆನ್ನಿಬೇಕರ್ ಅವರ ಪ್ರಯೋಗಾಲಯದಲ್ಲಿ ಸಿಕ್ಕಿತೆಂದು ನಾನು ಹೇಳುತ್ತಿಲ್ಲ. ಆದರೆ ಹಳೆಯ ಜಗಳವೊಂದನ್ನು ಇವತ್ತು ತನ್ನ ಕಡೆಯಿಂದ, ನಾಳೆ ತಮ್ಮನ ಕಡೆಯಿಂದ ಬರೆಯಲು ಹೇಳುವ ಶಿಕ್ಷಕ ಆ ವಿವೇಕದ ಮೊದಲ ಮೆಟ್ಟಿಲನ್ನು ಹತ್ತಿಸುತ್ತಿದ್ದಾನೆ.

ಮುಪ್ಪಿನಲ್ಲಿ ಹಿಂದಿನದನ್ನು ಮೆಲುಕು ಹಾಕುವುದು ಬರಿ ಕಾಲಹರಣ ಎಂಬ ಭಾವನೆಯನ್ನು ಮನೋವೈದ್ಯ ರಾಬರ್ಟ್ ಬಟ್ಲರ್ 1963ರ ತಮ್ಮ ಲೇಖನದಲ್ಲಿ ಅಲುಗಾಡಿಸಿದರು. ಬದುಕನ್ನು ಮತ್ತೆ ತಿರುವಿ ನೋಡುವುದು ವಯಸ್ಸಾದವರ ಸಹಜ ಕೆಲಸ ಎಂದರು. ಜತೆಗೆ ಅದು ಕೆಲವರನ್ನು ಪಶ್ಚಾತ್ತಾಪಕ್ಕೆ, ಖಿನ್ನತೆಗೆ ತಳ್ಳಬಹುದು ಎಂದೂ ಎಚ್ಚರಿಸಿದರು. ಆದ್ದರಿಂದ ನೋಟ್‌ಬುಕ್ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಬರೆದದ್ದರ ಬಗ್ಗೆ ಮಾತಾಡಬೇಕೆನಿಸಿದಾಗ ಕೇಳಿಸಿಕೊಳ್ಳಲು ಒಬ್ಬರು ಬೇಕು. ಒಂದೇ ದೂರನ್ನು ವಾರಗಟ್ಟಲೆ ಅದೇ ಮಾತಿನಲ್ಲಿ ಬರೆಯುತ್ತಿದ್ದರೆ, ಊಟ ನಿದ್ದೆ ಬಿಟ್ಟರೆ, ವೈದ್ಯರ ಬಳಿ ಕರೆದುಕೊಂಡು ಹೋಗಬೇಕು.

ನಮ್ಮ ಹಿರಿಯರಿಗೆ ಬರವಣಿಗೆ ಹೊಸದೇನಲ್ಲ. ಪುಟಗಟ್ಟಲೆ ರಾಮನಾಮ ಬರೆದು ರಾಮಕೋಟಿ ಮುಗಿಸುವವರಿದ್ದಾರೆ. ಹಾಲಿನ ಲೆಕ್ಕ, ಕರೆಂಟ್ ಬಿಲ್, ನೆಂಟರ ಮದುವೆಯ ತಾರೀಖುಗಳನ್ನು ಎಲ್‌ಐಸಿ ಡೈರಿಯಲ್ಲಿ ತಪ್ಪದೆ ಬರೆಯುವವರಿದ್ದಾರೆ. ರಾಮಕೋಟಿ ಮನಸ್ಸನ್ನು ಒಂದೆಡೆ ನಿಲ್ಲಿಸುತ್ತದೆ. ಅದನ್ನು ಬಿಡಿಸಿ ಅನುಭವ ಬರೆಯಿರಿ ಎನ್ನುವುದು ಅವಿವೇಕ. ರಾಮಕೋಟಿಯ ಪುಟದ ಕೆಳಗೆ ಎರಡು ಸಾಲು ಸ್ವಂತದ್ದು ಬರೆಯಿರಿ ಎಂದರೆ ಸಾಕು. ಅಕ್ಷರ ಬಾರದ, ಕೈ ನಡುಗುವ ಹಿರಿಯರು ಹೇಳಲಿ, ಮೊಮ್ಮಗಳು ಬರೆದುಕೊಳ್ಳಲಿ, ಇಲ್ಲವೇ ಮೊಬೈಲಿನಲ್ಲಿ ದನಿ ಹಿಡಿದಿಡಲಿ. ಬೀಸುವ ಕಲ್ಲಿನ ಮುಂದೆ ತವರನ್ನೂ ಅತ್ತೆಯನ್ನೂ ಹಾಡಿಕೊಂಡ ಹೆಂಗಸರು ಕಾಗದವಿಲ್ಲದೆಯೇ ಈ ಕೆಲಸ ಮಾಡಿದ್ದರು. 2019ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ, ಲೇಖಕಿ ವಿಜಯಾ ಅವರ ಆತ್ಮಕಥೆ ‘ಕುದಿ ಎಸರು’ ಬಾಲ್ಯದ, ದಾಂಪತ್ಯದ ಹಿಂಸೆಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಇಳಿವಯಸ್ಸಿನಲ್ಲಿ ಬರೆದ ಆ ಪುಸ್ತಕದಲ್ಲಿ ಯಾರನ್ನೂ ಮೆಚ್ಚಿಸುವ ಸಮಾಧಾನವಿಲ್ಲ. ನಡೆದದ್ದು ನಡೆಯಿತು ಎಂದು ನೇರ ನೋಡುವ ಧೈರ್ಯವಿದೆ. ಒಪ್ಪಿಕೊಳ್ಳುವುದು ಎಂದರೆ ಇದೇ ಎಂದು ನನಗೆ ಅನ್ನಿಸುತ್ತದೆ.

ಈ ಪದ್ಧತಿಯಲ್ಲಿ ನನಗೆ ನಿಜಕ್ಕೂ ಕಳವಳ ತರುವುದು ಒಂದೇ. ‘ಒಪ್ಪಿಕೊಳ್ಳಿ’ ಎಂಬ ಮಾತನ್ನು ಮನೆಯವರು ಬೇಗ ಕಲಿಯುತ್ತಾರೆ. ಅಪ್ಪನಿಗೆ ಕಿವಿ ಕೇಳದಿದ್ದರೆ ಮಷಿನ್ ಕೊಡಿಸಬೇಕು. ಅಮ್ಮನ ಕಣ್ಣಿಗೆ ಪೊರೆ ಬಂದಿದ್ದರೆ ಆಪರೇಷನ್ ಮಾಡಿಸಬೇಕು. ಅದಕ್ಕೆ ಬದಲಾಗಿ ವಯಸ್ಸಾಯಿತು, ಒಪ್ಪಿಕೊಳ್ಳಿ ಎಂದರೆ ಅದು ಯೋಗವಲ್ಲ, ಉದಾಸೀನ. ಇನ್ನೂ ಬಾರದ ದುಃಖವನ್ನು ತಪ್ಪಿಸಬೇಕು ಎಂದು ಪತಂಜಲಿಯೇ ಹೇಳಿದ್ದಾನೆ. ನೋಟ್‌ಬುಕ್ಕಿನಲ್ಲಿ ಮಗ ಪೆನ್ಷನ್ ಕಿತ್ತುಕೊಂಡ, ಊಟ ಕೊಡುವುದಿಲ್ಲ ಎಂದಿದ್ದರೆ ಅದಕ್ಕೆ ಉತ್ತರ ಕಾನೂನಿನಲ್ಲಿದೆ. 2007ರ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಜೀವನಾಂಶ ಕೊಡಿಸುತ್ತದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ, ರದ್ದುಮಾಡಲು ನ್ಯಾಯಮಂಡಳಿಗೆ ಅಧಿಕಾರವಿದೆ. ಹಿರಿಯರ ಸಹಾಯವಾಣಿ 14567.

ಒಪ್ಪಿಕೊಳ್ಳುವುದೆಂದರೆ ಪ್ರಯತ್ನ ಬಿಡುವುದಲ್ಲ: ಅಭ್ಯಾಸ, ವೈರಾಗ್ಯ ಎರಡನ್ನೂ ಪತಂಜಲಿ ಜೋಡಿಯಾಗಿಯೇ ಹೇಳುತ್ತಾನೆ. ಚಿತ್ರದುರ್ಗದ ಕಡೆ 1888ರಲ್ಲಿ ಹುಟ್ಟಿ, ಮೈಸೂರು ಅರಮನೆಯ ಆಶ್ರಯದಲ್ಲಿ ಯೋಗ ಕಲಿಸಿದ ತಿರುಮಲೈ ಕೃಷ್ಣಮಾಚಾರ್ಯರು ತೊಂಬತ್ತು ದಾಟಿದ ಮೇಲೆ ಸೊಂಟದ ಮೂಳೆ ಮುರಿದುಕೊಂಡರು. ಹಾಸಿಗೆಯಲ್ಲೇ ಮಾಡಬಹುದಾದ ಅಭ್ಯಾಸವನ್ನು ಆಗ ಅವರು ತಮಗಾಗಿ ರೂಪಿಸಿಕೊಂಡರು ಎಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. ಮುರಿದದ್ದನ್ನು ಒಪ್ಪಿದರು, ಕೆಲಸ ನಿಲ್ಲಿಸಲಿಲ್ಲ.

ಯೋಗ ಕಲಿಸುವವರಲ್ಲಿ ನನ್ನ ಕೋರಿಕೆ: ಹಿರಿಯರಿಗೆ ಕ್ಲೇಶಗಳ ಪಾಠ ಮೊದಲು ಮಾಡಿ, ಸಂತೋಷ ತಾನಾಗಿ ಬರುವವರೆಗೆ ಕಾಯಿರಿ. ಮಕ್ಕಳಲ್ಲಿ, ಸೊಸೆಯಂದಿರಲ್ಲಿ ಇನ್ನೊಂದು ಕೋರಿಕೆ: ಆ ನೋಟ್‌ಬುಕ್ಕಿಗೆ ಬೀಗವಿರುವ ಒಂದು ಡ್ರಾಯರ್ ಕೊಡಿ, ಅವರಾಗಿ ಕರೆದು ಓದಿ ಹೇಳುವವರೆಗೆ ಅದನ್ನು ತೆರೆಯಬೇಡಿ.