ಕೆರೂರರ ‘ವಶೀಕರಣ’

ಬಾಗಲಕೋಟೆಯ ಕೆರೂರು ವಾಸುದೇವಾಚಾರ್ಯರು (೧೮೬೬-೧೯೨೧) ಗೋಲ್ಡ್‌ಸ್ಮಿತ್ತನ ೧೭೭೩ರ ಪ್ರಹಸನವನ್ನು ‘ವಶೀಕರಣ’ವೆಂದು ಕನ್ನಡಕ್ಕೆ ಅಳವಡಿಸಿದರು. ಇಂತಹ ಕೃತಿಯನ್ನು ಬರಿಯ ರೂಪಾಂತರವೆಂದು ಬದಿಗಿಡುವ ರೂಢಿಯುಂಟು, ಅದು ಸರಿಯಲ್ಲ. ಮೂಲದಲ್ಲಿ ಸಂಬಂಧವನ್ನು ಗೊತ್ತುಮಾಡುವವರು ತಂದೆಗಳು. ಕುಲವಧುವಿನೆದುರು ತಲೆಯೆತ್ತಲಾರದ ವರನು ದಾಸಿಯರೊಡನೆ ಮಾತ್ರ ವಾಚಾಳಿ; ಆದುದರಿಂದ ಕನ್ಯೆಯು ದಾಸಿಯಂತೆ ನಟಿಸಿ ಅವನನ್ನು ಪರೀಕ್ಷಿಸಿ ಒಲಿಸಿಕೊಳ್ಳುವಳು. ಹಿರಿಯರ ನಿಶ್ಚಯವೂ ಮುರಿಯದು, ಒಲವೂ ಸೋಲದು. ಕನ್ಯೆಯನ್ನು ಮಣೆಯ ಮೇಲೆ ಕುಳ್ಳಿರಿಸಿ ನೋಡುವ ನಮ್ಮ ಮನೆಗಳಲ್ಲಿ ಈ ವರಪರೀಕ್ಷೆಯ ನಗೆಗೆ ಮುಳ್ಳುಂಟು; ಆಯ್ಕೆಯ ಔಚಿತ್ಯವೇ ಆಚಾರ್ಯರ ಮೊದಲನೆಯ ಗುಣವೆಂದು ನನ್ನ ಮತ.

ರೂಪಾಂತರಕಾರನ ಶ್ರಮವನ್ನು ಹೆಸರುಗಳ ಬದಲಾವಣೆಯಲ್ಲಿ ಅಳೆಯಬಾರದು. ಭಾವೀ ಮಾವನ ಮನೆಯನ್ನು ವರನು ಪ್ರವಾಸಿಗಳ ವಸತಿಗೃಹವೆಂದು ಭ್ರಮಿಸುವುದೇ ಕಥೆಯ ಗಂಟು. ಹಣ ತೆತ್ತುಣ್ಣುವ ಖಾನಾವಳಿಯಲ್ಲಾದರೆ ಅವನ ದರ್ಪವು ಒಪ್ಪುವುದು; ಧರ್ಮಶಾಲೆಯಲ್ಲಿ ಅತಿಥಿಯೇ ತಗ್ಗಿ ನಡೆಯತಕ್ಕವನು.