ಕಾಣುವ ಗ್ರಹ, ಇಳಿಯಲಾಗದ ನೆಲ

2014ರ 'ಎಲೀಟ್ ಡೇಂಜರಸ್' ಆಟದಲ್ಲಿ ಇಡೀ ಕ್ಷೀರಪಥವೇ ಇದೆ: ಸುಮಾರು 40,000 ಕೋಟಿ ನಕ್ಷತ್ರ ವ್ಯವಸ್ಥೆಗಳು. ಬಂಡೆ, ಹಿಮ, ಅನಿಲದ ಗೋಳಗಳ ನಡುವೆ ಭೂಮಿಯಂಥ ಗ್ರಹ ಸಿಗೋದು ಬಲು ಅಪರೂಪ. ಸಿಕ್ಕರೆ ಮೊದಲು ಕಂಡವರ ಹೆಸರು ನಕ್ಷೆಯಲ್ಲಿ ಉಳಿಯುತ್ತದೆ. ಮಾಹಿತಿ ಮಾರಿದರೆ ಒಳ್ಳೆಯ ದುಡ್ಡೂ ಬರುತ್ತದೆ. ಆದರೆ ಅಲ್ಲಿ ಇಳಿಯೋ ಹಾಗಿಲ್ಲ! 2021ರ 'ಒಡಿಸ್ಸಿ' ಕೂಡ ತೆಳು ವಾತಾವರಣದ ಗ್ರಹಗಳಲ್ಲಷ್ಟೇ ಇಳಿಯಲು ಬಿಟ್ಟಿತು.

ಡೊಂಬಿವಲಿಯಿಂದ ಲೋಕಲ್‌ ಹತ್ತುವ ನಮ್ಮ ಹುಡುಗರಿಗೆ ಇದು ಹೊಸದಲ್ಲ. ಠಾಣೆಯ ಎತ್ತರದ ಕಟ್ಟಡಗಳು ಕಣ್ಣಿಗೆ ಕಾಣುತ್ತವೆ. ಬಾಡಿಗೆಗೆ ಕೇಳಲು ಹೋದರೆ, ಹೆಸರು ಕೇಳಿದ ಮೇಲೆ ಮನೆ ಖಾಲಿ ಇಲ್ಲ ಅಂತಾರೆ. ಆಟದಲ್ಲಿ ಉಳಿಯುವ ಹೆಸರೇ ಇಲ್ಲಿ ಅಡ್ಡ ಬರುತ್ತದೆ.

ಗಾಳಿ, ನೀರು ಇದ್ದರೆ ವಾಸಯೋಗ್ಯ ಎನ್ನುತ್ತದೆ ಆಟ. ಒಳಗೆ ಬಿಡುವವರೂ ಬೇಕು ಅನ್ನೋದು ಅದರ ಲೆಕ್ಕದಲ್ಲಿಲ್ಲ.